ಬ್ಲಾಗ್ ಎಂಬ ಜಗಲಿ, ಮನೆಯೊಳಗಿನ ಉದ್ಯಮ

ಶಿರಸಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ

ಸಭೆಯಲ್ಲಿರುವ ಅಕ್ಕತಂಗಿಯರೆಲ್ಲರಿಗೂ ನಮಸ್ಕಾರ. ಬ್ಲಾಗ್, ಅಂದರೆ ಅಂತರ್ಜಾಲದಲ್ಲಿ ನಮ್ಮದೇ ಬರಹದ ಪುಟ, ಬರೆದು ಮನೆಯಿಂದಲೇ ಆನ್‌ಲೈನ್ ಉದ್ಯಮ ಆರಂಭಿಸುವುದು ಹೇಗೆ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಂಘದವರು ಕೇಳಿದ್ದಾರೆ. ಬ್ಲಾಗ್ ತಾನಾಗಿಯೇ ದುಡ್ಡು ಕೊಡುತ್ತದೆ ಎಂಬ ನಂಬಿಕೆಯಿಂದ ಯಾರಾದರೂ ಬಂದಿದ್ದರೆ, ಅದನ್ನು ಮೊದಲು ಬದಿಗಿಡಬೇಕೆಂದು ಕೇಳಿಕೊಳ್ಳುತ್ತೇನೆ. ನನಗೆ ದುಡ್ಡು ಬಂದದ್ದು ಹಲಸಿನಕಾಯಿ ಹಪ್ಪಳದಿಂದ ಮತ್ತು ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿಯಿಂದ. ಆದರೆ ನನ್ನ ಮುಖವನ್ನೇ ನೋಡದ ಪುಣೆಯವರು, ಮೈಸೂರಿನವರು ಮುಂಗಡ ಹಣ ಕಳಿಸಿ ನನ್ನಿಂದ ಹಪ್ಪಳ ತರಿಸಿಕೊಳ್ಳುವಷ್ಟು ನಂಬಿಕೆ ಹುಟ್ಟಿಸಿದ್ದು ಬರಹ. ನಮ್ಮ ಮನೆಗಳಲ್ಲಿ ಬಂದವರು ಮೊದಲು ಜಗಲಿಯಲ್ಲಿ ಕೂರುತ್ತಾರೆ, ಬಾಯಾರಿಕೆಗೆ ಏನಾದರೂ ಕುಡಿಯುತ್ತಾರೆ, ಊರಿನ ಸುದ್ದಿ ಮಾತಾಡುತ್ತಾರೆ. ವ್ಯವಹಾರದ ಮಾತು ಆಮೇಲೆ. ಬ್ಲಾಗ್ ಎಂದರೆ ನನಗೆ ಆ ಜಗಲಿ.

ಮನೆಯಲ್ಲಿ ಮಾಡಿದ ತಿನಿಸು ಹೊರಗೆ ಮಾರಾಟವಾಗುವುದು ಹೊಸ ಸಂಗತಿಯಲ್ಲ. 1959ರಲ್ಲಿ ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ತೆಗೆದು ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಿದ್ದರಿಂದಲೇ ಲಿಜ್ಜತ್ ಪಾಪಡ್ ಹುಟ್ಟಿತು. ಬರವಣಿಗೆಯ ಕಡೆಯಿಂದ ನೋಡಿದರೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ಯು ‘ಕೃಷಿಕರ ಕೈಗೆ ಲೇಖನಿ’ ಎಂಬ ಮಾತನ್ನು ಧ್ಯೇಯವಾಗಿ ಇಟ್ಟುಕೊಂಡಿತು. ಕೃಷಿ ಪತ್ರಕರ್ತ ಶ್ರೀಪಡ್ರೆಯವರು ಅದರ ಹಿಂದೆ ನಿಂತು, ತೋಟದಲ್ಲಿ ದುಡಿಯುವವರೇ ತಮ್ಮ ಕೆಲಸದ ಕುರಿತು ಬರೆಯುವಂತೆ ಮಾಡಿದರು. ಹಲಸಿಗೆ ಇಂದು ಸಿಗುತ್ತಿರುವ ಗೌರವದಲ್ಲಿ ಅವರ ಪಾಲು ದೊಡ್ಡದು. ಯಾವ ಗಿಡಕ್ಕೆ ಎಷ್ಟು ಗೊಬ್ಬರ, ಯಾವ ಯಂತ್ರ ಎಲ್ಲಿ ಕೈಕೊಟ್ಟಿತು ಎಂದು ಅನುಭವಸ್ಥನೇ ಬರೆದಾಗ ಓದುಗರು ಅವನನ್ನು ಹುಡುಕಿಕೊಂಡು ಹೋಗುತ್ತಾರೆ. ಬ್ಲಾಗ್ ಎಂಬ ಶಬ್ದ ನಮ್ಮ ಕಿವಿಗೆ ಬೀಳುವ ಬಹಳ ಮೊದಲೇ ಈ ಕೆಲಸ ನಮ್ಮ ನೆಲದಲ್ಲಿ ಕಾಗದದ ಮೇಲೆ ನಡೆದಿತ್ತು.

ನಾನು ಬರೆಯತೊಡಗಿದ್ದು 2011ರಲ್ಲಿ. ಆಗ ಮಾರುವ ಯೋಚನೆಯೇ ಇರಲಿಲ್ಲ. ಅತ್ತೆಯವರು ಮಾಡುತ್ತಿದ್ದ ಅಡುಗೆಗಳು ಅವರೊಂದಿಗೇ ಮರೆಯಾಗಬಾರದು ಎಂದುಕೊಂಡು ತಂಬುಳಿ, ಅಪ್ಪೆಹುಳಿ, ಹಶಿಗಳನ್ನು ಬರೆದಿಡುತ್ತಿದ್ದೆ. ಮೊದಲ ಆರು ತಿಂಗಳು ಬರೆದದ್ದರಲ್ಲಿ ಹೆಚ್ಚಿನದು ಇಂದು ಓದಿದರೆ ಯಾರಿಗೂ ಪ್ರಯೋಜನವಿಲ್ಲದ್ದು. ‘ರುಚಿಗೆ ತಕ್ಕಷ್ಟು ಉಪ್ಪು, ಬೇಕಾದಷ್ಟು ಖಾರ’ ಎಂದು ಬರೆದಿದ್ದೆ. ಗೊತ್ತಿದ್ದವರಿಗೆ ಅದು ಬೇಕಿಲ್ಲ, ಗೊತ್ತಿಲ್ಲದವರಿಗೆ ಅದು ಸಾಲದು. ತಿರುವು ಬಂದದ್ದು ಹಲಸಿನಕಾಯಿ ಹಪ್ಪಳದ ಬರಹದಿಂದ.

ಆ ಬರಹದ ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಇಂದಿನ ಮಾತಿನ ತಿರುಳು ಅಲ್ಲಿದೆ. ಹಪ್ಪಳ ಹೇಗೆ ಮಾಡುವುದೆಂದು ನಿಮಗೆ ನಾನು ಕಲಿಸಬೇಕಿಲ್ಲ. ಬಕ್ಕೆ ಹಲಸಿನ ಕಾಯಿ ಬಲಿತಿರಬೇಕು, ಹಣ್ಣಿನ ವಾಸನೆ ಬಂದಿರಬಾರದು. ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ಉಪ್ಪು, ಮೆಣಸು, ಜೀರಿಗೆ ಸೇರಿಸಿ ಒರಳಲ್ಲಿ ಕುಟ್ಟಬೇಕು. ಇಷ್ಟನ್ನು ಯಾರು ಬೇಕಾದರೂ ಬರೆಯುತ್ತಾರೆ. ಆ ಸಲ ಅತ್ತೆಯವರ ಪಕ್ಕದಲ್ಲಿ ಕುಳಿತು ಅವರ ಕೈಯನ್ನೇ ನೋಡಿದೆ. ಕುಟ್ಟಿದ ಹಿಟ್ಟಿನಿಂದ ನಿಂಬೆಗಾತ್ರದ ಉಂಡೆ ಹಿಡಿದು, ಅಂಗೈಗೆ ಒಂದೆರಡು ಹನಿ ತೆಂಗಿನೆಣ್ಣೆ ಸವರಿ, ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಒತ್ತಿದ ಮೇಲೆ ಅವರು ಹಪ್ಪಳವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಬೆಳಕು ಒಂದೇ ಸಮನೆ ಹಾಯ್ದರೆ ಚಾಪೆಯ ಮೇಲೆ. ನಡುವೆ ಕಪ್ಪಾಗಿ ಕಂಡರೆ ಮತ್ತೆ ಉಂಡೆ. ನಡು ದಪ್ಪವಾದ ಹಪ್ಪಳ ಮೇಲೆ ಒಣಗಿದಂತೆ ಕಂಡರೂ ಒಳಗೆ ಪಸೆ ಉಳಿಸಿಕೊಂಡು, ಮಳೆಗಾಲದಲ್ಲಿ ಡಬ್ಬಿಯೊಳಗೆ ಬೂಸ್ಟು ಹಿಡಿಯುತ್ತದೆ. ಮೂವತ್ತು ವರ್ಷ ಅವರು ಹಾಗೆ ಮಾಡಿದ್ದನ್ನು ಮನೆಯವರೆಲ್ಲ ನೋಡಿದ್ದೆವು, ಯಾರೂ ಏಕೆಂದು ಕೇಳಿರಲಿಲ್ಲ. ನಾನು ಕೇಳಿ, ಅದನ್ನೇ ಬರೆದೆ. ಹಪ್ಪಳ ಬೂಸ್ಟು ಹಿಡಿಯುವುದು ಏಕೆ ಎಂಬುದೇ ಆ ಬರಹದ ತಲೆಬರಹವಾಗಿತ್ತು.

2013ರ ಆಷಾಢದಲ್ಲಿ ಪುಣೆಯಲ್ಲಿ ನೆಲೆಸಿರುವ ಒಬ್ಬ ಕನ್ನಡಿಗ ಗೃಹಿಣಿ ಪತ್ರ ಬರೆದರು. ಅವರ ಊರಿನಲ್ಲಿ ಬಲಿತ ಹಲಸಿನಕಾಯಿ ಸಿಗುವುದಿಲ್ಲ, ಸಿಕ್ಕರೂ ಗಟ್ಟಿ ಸೊಳೆಯ ಬಕ್ಕೆಯೋ ಮೆತ್ತನೆಯ ಸೊಳೆಯ ಅಂಬಲಿಯೋ ತಿಳಿಯುವುದಿಲ್ಲ, ನೀವೇ ಬೆಳಕಿಗೆ ಹಿಡಿದು ನೋಡಿದ ಹಪ್ಪಳ ಇನ್ನೂರು ಕಳಿಸಬಹುದೇ ಎಂದು ಕೇಳಿದ್ದರು. ‘ಬೆಳಕಿಗೆ ಹಿಡಿದು ನೋಡಿದ’ ಎಂಬ ಮಾತನ್ನು ಗಮನಿಸಿ. ಬರೆಯುವಾಗ ಯಾವ ವಾಕ್ಯವನ್ನು ಸಣ್ಣದೆಂದು ಬಿಟ್ಟುಬಿಡಲು ಹೊರಟಿದ್ದೆನೋ ಅದೇ ವಾಕ್ಯ ನನಗೆ ಮೊದಲ ಗಿರಾಕಿಯನ್ನು ತಂದಿತು. ಆದ್ದರಿಂದಲೇ ‘ಯಾವ ವಿಷಯದ ಮೇಲೆ ಬ್ಲಾಗ್ ಮಾಡಿದರೆ ಹೆಚ್ಚು ಲಾಭ’ ಎಂಬ ಪ್ರಶ್ನೆಗೆ ನನ್ನ ಬಳಿ ಒಂದೇ ಉತ್ತರವಿದೆ: ನಿಮ್ಮ ಕೈಗೆ ಗೊತ್ತಿರುವ, ಬಾಯಲ್ಲಿ ಇನ್ನೂ ಹೇಳದಿರುವ ಕೆಲಸ ಯಾವುದೋ ಅದರ ಮೇಲೆ. ಅದು ಅಡುಗೆಯೇ ಆಗಬೇಕಿಲ್ಲ. ಕಸೂತಿಯಾಗಬಹುದು, ಬಾಳೆನಾರಿನ ಬುಟ್ಟಿಯಾಗಬಹುದು, ಮಲ್ಲಿಗೆ ಗಿಡದ ಆರೈಕೆಯಾಗಬಹುದು.

ಜಾಹೀರಾತಿನ ಆದಾಯದ ವಿಷಯ. ನಮ್ಮ ಪುಟದಲ್ಲಿ ಜಾಹೀರಾತು ತೋರಿಸಿ ಹಣ ಕೊಡುವ ಗೂಗಲ್ ಸಂಸ್ಥೆಯ ಆಡ್‌ಸೆನ್ಸ್ 2003ರಲ್ಲಿ ಬಂದಿತಾದರೂ ಹಿಂದಿ ಪುಟಗಳಿಗೆ ಅದು ದೊರೆತದ್ದು 2014ರ ಕೊನೆಯಲ್ಲಿ. ಕನ್ನಡ ಆ ಪಟ್ಟಿಗೆ ಸೇರಲು ಅದಾದ ಮೇಲೂ ಕಾಯಬೇಕಾಯಿತು. ಈಗ ಸಿಗುತ್ತದೆ. ಆದರೆ ಗಳಿಕೆ 100 ಡಾಲರ್ ತುಂಬುವವರೆಗೆ ಹಣ ಕೈಗೆ ಬರುವುದಿಲ್ಲ, ಮತ್ತು ದಿನಕ್ಕೆ ನೂರಿನ್ನೂರು ಜನ ಓದುವ ಕನ್ನಡ ಪುಟದಲ್ಲಿ ಅದು ತುಂಬುವುದು ಬಹಳ ನಿಧಾನ. ಅದೇ ನೂರಿನ್ನೂರು ಜನರಲ್ಲಿ ನಾಲ್ವರು ಹಪ್ಪಳ ಕೊಂಡರೆ ಆ ದಿನದ ಗಳಿಕೆ ಜಾಹೀರಾತಿನ ಒಂದು ತಿಂಗಳ ಗಳಿಕೆಗಿಂತ ಹೆಚ್ಚು. ಇಂಗ್ಲಿಷಿನಲ್ಲಿ ಬರೆದರೆ ಓದುಗರ ಸಂಖ್ಯೆ ಹೆಚ್ಚು ಎಂದು ಹೇಳುವವರಿದ್ದಾರೆ. ನಿಜ, ಆದರೆ ಬಕ್ಕೆ ಹಲಸಿನ ಹಪ್ಪಳಕ್ಕಾಗಿ ಹಂಬಲಿಸುವವರು ಕನ್ನಡದಲ್ಲಿಯೇ ಹಂಬಲಿಸುತ್ತಾರೆ ಎಂದು ನಾನು ಕಂಡುಕೊಂಡಿದ್ದೇನೆ. ಕಡಿಮೆ ಜನ, ಆದರೆ ನಮ್ಮ ಜನ.

ಕನ್ನಡದಲ್ಲಿ ಬರೆಯುವವರು ಒಂದು ತಾಂತ್ರಿಕ ಸಂಗತಿಯನ್ನು ಅಗತ್ಯವಾಗಿ ತಿಳಿದಿರಬೇಕು. ಡಿಟಿಪಿ ಅಂಗಡಿಗಳಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದು ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಹುಡುಕುವವರಿಗೆ ಆ ಬರಹ ಸಿಗುವುದೇ ಇಲ್ಲ. ಎಲ್ಲ ಕಂಪ್ಯೂಟರುಗಳೂ ಕನ್ನಡವನ್ನು ಕನ್ನಡವೆಂದೇ ಗುರುತಿಸುವ ಯೂನಿಕೋಡ್‌ನಲ್ಲಿಯೇ ಬರೆಯಬೇಕು. ಇಂದು ನಿಮ್ಮ ಫೋನಿನ ಕನ್ನಡ ಕೀಲಿಮಣೆ ಬರೆಯುವುದೆಲ್ಲ ಯೂನಿಕೋಡ್ ಆಗಿರುವುದರಿಂದ ಫೋನಿನಲ್ಲಿ ಬರೆಯುವವರಿಗೆ ಈ ತೊಂದರೆಯಿಲ್ಲ. ಟೈಪ್ ಮಾಡುವುದು ಕಷ್ಟವೆನಿಸುವವರು ಬಾಯಲ್ಲಿ ಹೇಳಿ ಬರೆಸಬಹುದು. ಗೂಗಲ್‌ನ ಧ್ವನಿ ಬರವಣಿಗೆ 2017ರಿಂದ ಕನ್ನಡದಲ್ಲಿಯೂ ಇದೆ. ಅದು ‘ಸೊಳೆ’ಯನ್ನು ‘ಸೊಳ್ಳೆ’ ಎಂದು ಕೇಳಿಸಿಕೊಳ್ಳಬಹುದು, ಹಾಗಾಗಿ ಪ್ರಕಟಿಸುವ ಮೊದಲು ಒಮ್ಮೆ ಓದಲೇಬೇಕು. ನಾನು ಇಷ್ಟು ವರ್ಷಗಳಲ್ಲಿ ಬರೆದ ಅರ್ಧಕ್ಕಿಂತ ಹೆಚ್ಚಿನ ಬರಹ, ಹಪ್ಪಳ ಒಣಗಲು ಹರವಿ ಕಾಗೆ ಕಾಯುತ್ತಾ ಅಂಗಳದಲ್ಲಿ ಕುಳಿತ ಹೊತ್ತಿನಲ್ಲಿ ಹುಟ್ಟಿದ್ದು. ಇನ್ನೊಂದು ಸಂಗತಿ: ನಮ್ಮವರಲ್ಲಿ ಬಹಳ ಮಂದಿ ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹುಡುಕುತ್ತಾರೆ. ಆದ್ದರಿಂದ ಪುಟದ ವಿಳಾಸದಲ್ಲಿ ಮತ್ತು ಚಿತ್ರಗಳ ಹೆಸರಿನಲ್ಲಿ ಆ ರೂಪವನ್ನು ಕೊಟ್ಟು, ಬರಹವನ್ನು ಶುದ್ಧ ಕನ್ನಡ ಲಿಪಿಯಲ್ಲಿಯೇ ಇಡಿ.

ಬರೆಯುವ ಕಾಲವೂ ಮುಖ್ಯ. ಅಪ್ಪೆಮಿಡಿ ಮರದಲ್ಲಿ ಕಾಣುವುದು ಮಾಘ ಫಾಲ್ಗುಣದಲ್ಲಿ. ಮಿಡಿಯನ್ನು ತೊಟ್ಟು ಸಮೇತ ಕೊಯ್ಯಬೇಕು, ನೆಲಕ್ಕೆ ಬಿದ್ದದ್ದನ್ನು ಸೇರಿಸಬಾರದು ಎಂಬ ಬರಹವನ್ನು ಚೈತ್ರದಲ್ಲಿ ಪ್ರಕಟಿಸಿದರೆ ಓದುವವರಿಗೆ ಮುಂದಿನ ವರ್ಷದವರೆಗೆ ಕೆಲಸವಿಲ್ಲ. ಸಂಕ್ರಾಂತಿ ಹೊತ್ತಿಗೆ ಅದು ಅಲ್ಲಿರಬೇಕು. ಮಿಡಿ ಉಪ್ಪಿನಲ್ಲಿ ಮುರುಟಿ, ಖಾರದ ಹಿಂಡಿ ಬೆರೆತು, ಭರಣಿಯಲ್ಲಿ ಹದಕ್ಕೆ ಬರುವಷ್ಟರಲ್ಲಿ ಕೊಳ್ಳುವವರು ಹೆಸರು ಹೇಳಿ ಇಟ್ಟಿರುತ್ತಾರೆ. ಕಳೆದ ಕೆಲವು ವರ್ಷಗಳಿಂದ ನಾನು ಬಂದ ಬೇಡಿಕೆ ಎಣಿಸಿಯೇ ಮಿಡಿ ಕೊಳ್ಳುತ್ತಿದ್ದೇನೆ, ಹೀಗಾಗಿ ಮಾರಾಟವಾಗದೆ ಉಳಿಯುವ ಭಯವಿಲ್ಲ. ಬಂಡವಾಳ ಕಡಿಮೆ ಇರುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ.

ಲೆಕ್ಕದಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬಾರದು. ಮೊದಲ ವರ್ಷ ನೂರು ಹಪ್ಪಳಕ್ಕೆ 120 ರೂಪಾಯಿ ಇಟ್ಟಿದ್ದೆ. ಹಲಸು ಮನೆಯದು, ಕಟ್ಟಿಗೆ ಮನೆಯದು, ಕೈ ನಮ್ಮದು, ಹಾಗಾಗಿ ಬಂದದ್ದೆಲ್ಲ ಲಾಭವೆಂದುಕೊಂಡಿದ್ದೆ. ಕೊನೆಯಲ್ಲಿ ಕುಳಿತು ಬರೆದಾಗ ಎಣ್ಣೆ, ಮೆಣಸು, ರಟ್ಟಿನ ಪೆಟ್ಟಿಗೆ, ಟೇಪು, ಅಂಚೆ ವೆಚ್ಚ, ದಾರಿಯಲ್ಲಿ ಪುಡಿಯಾದದ್ದಕ್ಕೆ ಮತ್ತೆ ಕಳಿಸಿದ್ದು, ಎಲ್ಲ ಕಳೆದು ಕೈಯಲ್ಲಿ ಉಳಿದದ್ದು ನೂರಕ್ಕೆ 18 ರೂಪಾಯಿ. ಅಷ್ಟಕ್ಕೆ ಇಬ್ಬರು ಹೆಂಗಸರು ಒಂದು ಇಡೀ ಮಧ್ಯಾಹ್ನ ದುಡಿದಿದ್ದೆವು. ಮನೆಯ ಹೆಂಗಸಿನ ದುಡಿಮೆಗೆ ಬೆಲೆ ಕಟ್ಟದೆ ಇಟ್ಟ ದರ ಕೊಳ್ಳುವವರಿಗೆ ಅಗ್ಗ, ನಮಗೆ ಅನ್ಯಾಯ. ಈಗ ತೋಟದ ಕೂಲಿಯ ದರದಲ್ಲಿ ನಮ್ಮ ಗಂಟೆಗಳನ್ನೂ ಬರೆದುಕೊಂಡು ದರ ನಿಗದಿ ಮಾಡುತ್ತೇನೆ, ಆ ದರ ಏಕೆ ಎಂಬುದನ್ನೂ ಬ್ಲಾಗಿನಲ್ಲಿ ಬಿಡಿಸಿ ಹೇಳಿದ್ದೇನೆ. ದರ ಹೆಚ್ಚಿಸಿದ ವರ್ಷ ಕೆಲವರು ಬಿಟ್ಟರು. ಪುಣೆಯ ಆ ಅಕ್ಕ ಬಿಡಲಿಲ್ಲ.

ಕಾನೂನಿನ ವಿಷಯವನ್ನು ಹೆದರಿಕೆಯಿಲ್ಲದೆ, ಆದರೆ ಸಡಿಲ ಬಿಡದೆ ನೋಡಬೇಕು. ಮನೆಯಲ್ಲಿ ತಯಾರಿಸಿದ ಆಹಾರವನ್ನು ಮಾರುವವರೂ 2006ರ ಆಹಾರ ಸುರಕ್ಷತಾ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ. ಸಣ್ಣ ಪ್ರಮಾಣದವರಿಗೆ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಸುಲಭ, ಶುಲ್ಕವೂ ಅಲ್ಪ. ಸಿಗುವ 14 ಅಂಕಿಗಳ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು. ಅದರ ಜೊತೆಗೆ ತೂಕ, ದರ, ತಯಾರಿಸಿದ ದಿನ, ಬಳಸಿದ ಪದಾರ್ಥಗಳು, ನಿಮ್ಮ ವಿಳಾಸ, ಸಸ್ಯಾಹಾರದ ಹಸಿರು ಗುರುತು ಇರಬೇಕು. ಸಣ್ಣ ಉದ್ಯಮಗಳಿಗಾಗಿ ಇರುವ ಉದ್ಯಮ್ ನೋಂದಣಿ ಸರ್ಕಾರದ ಜಾಲತಾಣದಲ್ಲಿ ಪೂರ್ತಿ ಉಚಿತ. ಅದಕ್ಕೆ ಹಣ ಕೇಳುವವರನ್ನು ನಂಬಬೇಡಿ.

ಜಿಎಸ್‌ಟಿಯಲ್ಲಿ ಒಂದು ಸೂಕ್ಷ್ಮವಿದೆ. ಸರಕು ಮಾರುವವರಿಗೆ ನಮ್ಮ ರಾಜ್ಯದೊಳಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಕಡ್ಡಾಯವಲ್ಲ. ಆದರೆ ತೆರಿಗೆಗೆ ಒಳಪಡುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ಆ ಮಿತಿ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಉಪ್ಪಿನಕಾಯಿಗೆ ಇದೆ. ಈ ಕಾರಣದಿಂದ, ನೋಂದಣಿ ಮಾಡಿಸುವವರೆಗೆ ಪುಣೆಗೆ ಹಪ್ಪಳ ಮಾತ್ರ ಹೋಗುತ್ತಿತ್ತು; ಉಪ್ಪಿನಕಾಯಿ ಕೇಳಿದವರಿಗೆ ಕಾರಣವನ್ನು ತಿಳಿಸಿ ಇಲ್ಲವೆಂದೆ. 2025ರ ಜುಲೈನಲ್ಲಿ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆಯಿಂದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಬಂದಾಗ ನಮ್ಮ ರಾಜ್ಯದಲ್ಲಿ ಎಷ್ಟು ಗಾಬರಿಯಾಯಿತೆಂದು ನಿಮಗೆ ನೆನಪಿರಬೇಕು. ಮನೆಖರ್ಚಿನ ಖಾತೆ ಬೇರೆ, ವ್ಯಾಪಾರದ ಖಾತೆ ಬೇರೆ ಇಟ್ಟುಕೊಂಡು, ಯಾವ ಹಣ ಯಾವುದಕ್ಕೆ ಬಂತೆಂದು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದವರಿಗೆ ಉತ್ತರ ಕೊಡುವುದು ಕಷ್ಟವಾಗುವುದಿಲ್ಲ. ನಿಯಮಗಳು ಬದಲಾಗುತ್ತಿರುತ್ತವೆ, ವರ್ಷಕ್ಕೊಮ್ಮೆ ತಿಳಿದವರನ್ನು ಕೇಳಿ.

ಖಾತೆಯ ಮಾತು ಬಂದದ್ದರಿಂದ ಮನಸ್ಸಿನಲ್ಲಿರುವುದನ್ನು ಮುಚ್ಚಿಡದೆ ಹೇಳುತ್ತೇನೆ. ನಾನು ನೋಡಿದ ಎಷ್ಟೋ ಮನೆಗಳಲ್ಲಿ ಹಪ್ಪಳ ಲಟ್ಟಿಸುವುದು ಹೆಂಡತಿ, ಬರೆಯುವುದು ಹೆಂಡತಿ, ಹಣ ಬರುವುದು ಗಂಡನ ಫೋನಿಗೆ. ಕೇಳಿದರೆ ‘ಎಲ್ಲ ಒಂದೇ ಅಲ್ಲವೇ’ ಎನ್ನುತ್ತಾರೆ. ಒಂದೇ ಆಗಿದ್ದರೆ ಅದು ನಿಮ್ಮ ಖಾತೆಗೇ ಬರಲಿ. ಹಾಗೆಯೇ ಬ್ಲಾಗಿನ ಸ್ವಂತ ವಿಳಾಸ, ಅಂದರೆ ಡೊಮೇನ್, ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ ನೋಂದಣಿಯಾಗಿರಬೇಕು. ಮಾಡಿಕೊಟ್ಟ ಹುಡುಗ ತನ್ನ ಹೆಸರಿನಲ್ಲಿ ಕೊಂಡಿಟ್ಟು, ಆಮೇಲೆ ಊರು ಬಿಟ್ಟು ಹೋದರೆ ನಿಮ್ಮ ಜಗಲಿಯ ಬೀಗದ ಕೈ ಅವನ ಜೇಬಿನಲ್ಲಿ ಹೋದಂತೆ. ನನ್ನದು ಇನ್ನೊಂದು ಬಗೆಯ ನಷ್ಟ. ಅಗ್ಗಕ್ಕೆ ಸಿಕ್ಕಿತೆಂದು ಒಂದು ಕಂಪನಿಯಲ್ಲಿ ಜಾಗ ಪಡೆದು ಬ್ಲಾಗ್ ಇಟ್ಟಿದ್ದೆ. 2016ರಲ್ಲಿ ಅದು ಒಂದು ಮಾತನ್ನೂ ಹೇಳದೆ ಮುಚ್ಚಿಹೋಯಿತು, ಮೂರು ವರ್ಷಗಳ ಬರಹ ಹೋಯಿತು. ಅತ್ತೆಯವರು ಆ ಹೊತ್ತಿಗೆ ತೀರಿಕೊಂಡಿದ್ದರು. ಅವರನ್ನು ಕೇಳಿ ಬರೆದ ಕೆಲವು ಸಂಗತಿಗಳನ್ನು ಮತ್ತೆ ಕೇಳಲು ಯಾರೂ ಇರಲಿಲ್ಲ. ಪುಣೆಯ ಅಕ್ಕ ತಮಗೆ ಬೇಕಾದ ಹದಿನೇಳು ಬರಹಗಳನ್ನು ಮುದ್ರಿಸಿ ಅಡುಗೆಮನೆಯಲ್ಲಿ ಇಟ್ಟುಕೊಂಡಿದ್ದರು. ಅವುಗಳ ಫೋಟೋ ತೆಗೆದು ಕಳಿಸಿದರು. ಉಳಿದದ್ದು ಅಷ್ಟೇ. ಅಂದಿನಿಂದ ಪ್ರತಿ ಬರಹದ ಒಂದು ನಕಲು ಮನೆಯ ಕಂಪ್ಯೂಟರಿನಲ್ಲಿಯೂ ಇನ್ನೊಂದು ಪೆನ್‌ಡ್ರೈವ್‌ನಲ್ಲಿಯೂ ಇರುತ್ತದೆ. ಬ್ಲಾಗ್ ತೆರೆಯಲು ಸಿಗುವ ತಾಣಗಳಾದ ಬ್ಲಾಗರ್, ವರ್ಡ್‌ಪ್ರೆಸ್ ಎರಡರಲ್ಲಿಯೂ ಎಲ್ಲ ಬರಹಗಳನ್ನು ಒಟ್ಟಿಗೆ ಇಳಿಸಿಕೊಳ್ಳುವ ಸೌಲಭ್ಯವಿದೆ. ತಿಂಗಳಿಗೊಮ್ಮೆ ಹತ್ತು ನಿಮಿಷದ ಕೆಲಸ.

ಬರೆಯಬಾರದ್ದೂ ಇದೆ. ಹಲಸು ತಿಂದರೆ ಸಕ್ಕರೆ ಕಾಯಿಲೆ ವಾಸಿ ಎಂದು ಬರೆದರೆ ಮಾರಾಟ ಹೆಚ್ಚುತ್ತದೆ ಎಂದು ನನಗೂ ಸಲಹೆ ಬಂದಿತ್ತು. ಮಧುಮೇಹ ಗುಣಪಡಿಸುತ್ತದೆ ಎಂದು ಜಾಹೀರಾತು ಮಾಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ. ಕಾಯ್ದೆ ಇಲ್ಲದಿದ್ದರೂ, ನಮ್ಮ ಮಾತು ನಂಬಿ ಯಾರಾದರೂ ಗುಳಿಗೆ ಬಿಟ್ಟರೆ ಆ ಪಾಪ ಯಾವ ವ್ಯಾಪಾರದಿಂದಲೂ ತೊಳೆದುಹೋಗುವುದಿಲ್ಲ. ಕಂಪನಿಗಳು ಮಿಕ್ಸಿಯನ್ನೋ ಎಣ್ಣೆಯನ್ನೋ ಉಚಿತವಾಗಿ ಕೊಟ್ಟು ಬರೆಯಿರಿ ಎಂದರೆ, ಉಚಿತವಾಗಿ ಬಂದದ್ದು ಎಂಬುದನ್ನು ಓದುಗರಿಗೆ ತಿಳಿಸುವುದು ನಿಯಮ. ನಾನು ಅಂಥವನ್ನು ತೆಗೆದುಕೊಳ್ಳುವುದೇ ಇಲ್ಲ. ಬ್ಲಾಗಿನಿಂದ ತಿಂಗಳಿಗೆ ಲಕ್ಷ ಗಳಿಸಲು ಕಲಿಸುತ್ತೇವೆ ಎಂದು ಸಾವಿರಾರು ರೂಪಾಯಿ ಶುಲ್ಕ ಕೇಳುವ ತರಬೇತಿಗಳಿಗೆ ಸಂಘದ ಸಾಲ ತೆಗೆದು ಸೇರಬೇಡಿ. ನಮ್ಮ ಊರಿನ ಒಬ್ಬ ಹೆಣ್ಣುಮಗಳು 15,000 ರೂಪಾಯಿ ಕಟ್ಟಿ ಕಲಿತು ಬಂದದ್ದು, ಬೇರೆಯವರ ಬರಹವನ್ನು ಪದ ಬದಲಿಸಿ ತನ್ನದಾಗಿಸಿಕೊಳ್ಳುವುದನ್ನು. ಬ್ಲಾಗ್ ತೆರೆಯುವುದನ್ನು ನಾನು ನಿಮಗೆ ಒಂದು ಮಧ್ಯಾಹ್ನದಲ್ಲಿ ತೋರಿಸಿಕೊಡುತ್ತೇನೆ, ಚಹಾ ಕೊಟ್ಟರೆ ಸಾಕು.

ಎಷ್ಟು ಕಾಲ ಬೇಕು ಎಂದು ಕೇಳುತ್ತೀರಿ. ನನಗೆ ಮೊದಲ ಗಿರಾಕಿ ಸಿಗಲು ಎರಡು ವರ್ಷ, ಮನೆಯ ವಿದ್ಯುತ್ ಬಿಲ್ಲು, ಮಗಳ ಶುಲ್ಕ ಇದರಿಂದಲೇ ಹೋಗುವಂತಾಗಲು ಐದು ವರ್ಷ ಬೇಕಾಯಿತು. ಮಾರುವುದು ಗುರಿಯೆಂದು ಮೊದಲೇ ತಿಳಿದು ಹೊರಟವರಿಗೆ ಅದಕ್ಕಿಂತ ಬೇಗ ಆಗಬಹುದು. ವಾರಕ್ಕೆ ಒಂದು ಬರಹ ತಪ್ಪದೆ ಬಂದರೆ ಸಾಕು, ದಿನವೂ ಬರೆಯಬೇಕಿಲ್ಲ.

ಉಪನ್ಯಾಸದ ಕೊನೆಗೆ ಎಲ್ಲರಿಗೂ ಒಂದು ಹಾಳೆ ಕೊಟ್ಟು, ತಮ್ಮ ಕೈಗೆ ಗೊತ್ತಿರುವ ಒಂದು ಹದವನ್ನು ಐದು ಸಾಲಿನಲ್ಲಿ ಬರೆಯಲು ಕೇಳಿಕೊಂಡೆ. ಆಲೆಮನೆ ನಡೆಸುವ ಕುಟುಂಬದ ಒಬ್ಬ ಅಕ್ಕ ಬರೆದದ್ದನ್ನು ಓದಿದರು: ‘ಜೋನಿ ಬೆಲ್ಲಕ್ಕೆ (ನೀರಾಗಿರುವ ಬೆಲ್ಲ) ಕೊಪ್ಪರಿಗೆಯನ್ನು ಅಚ್ಚು ಬೆಲ್ಲಕ್ಕಿಂತ ಮೊದಲೇ ಇಳಿಸಬೇಕು. ಇಳಿಸುವ ಹೊತ್ತು ನೊರೆ ನೋಡಿದರೆ ಗೊತ್ತಾಗುತ್ತದೆ.’ ನೊರೆಯಲ್ಲಿ ಏನು ನೋಡುತ್ತೀರಿ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೊದಲು ನೊರೆ ಉಕ್ಕಿ ಮೇಲೆ ಬರುತ್ತದೆ, ಆಮೇಲೆ ತಾನೇ ಕೂರುತ್ತದೆ, ಕೂತ ಮೇಲೆ ಗುಳ್ಳೆ ಸಣ್ಣದಾಗಿ, ಒಡೆಯುವಾಗ ಸದ್ದು ಬದಲಾಗುತ್ತದೆ’ ಎಂದರು. ಯಾವ ಸದ್ದು ಎಂದು ಅವರ ಪಕ್ಕದಲ್ಲಿದ್ದವರು ಕೇಳಿದರು. ‘ಅದನ್ನು ಬರೆಯಲು ನಾಳೆ ಕೊಪ್ಪರಿಗೆಯ ಹತ್ತಿರ ನಿಂತು ಮತ್ತೊಮ್ಮೆ ಕೇಳಿಸಿಕೊಳ್ಳಬೇಕು’ ಎನ್ನುತ್ತಾ ಅಕ್ಕ ಹಾಳೆಯನ್ನು ಮಡಚಿ ಚೀಲದೊಳಗೆ ಇಟ್ಟುಕೊಂಡರು.